ಕಲ್ಲು ಹೊರುವವರ ಬೆನ್ನುಚೀಲ: ಕಡಿಮೆ ಬೆಲೆಯ 60 ಲೀಟರ್ ಚೀಲವೊಂದರ ದೀರ್ಘ ಬಳಕೆಯ ವಿಮರ್ಶೆ

ನಾನು ಚಿತ್ರದುರ್ಗದಲ್ಲಿ ಭೂವಿಜ್ಞಾನ ಕಲಿಸುವ ಅಧ್ಯಾಪಕ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಗುಡ್ಡಗಳಲ್ಲಿ ಹಗಲೆಲ್ಲ ಅಲೆದು, ರಾತ್ರಿ ಯಾವುದಾದರೂ ಊರಿನ ಶಾಲೆಯ ಜಗಲಿಯಲ್ಲೋ ತೋಟದ ಮನೆಯಲ್ಲೋ ಮಲಗಿ, ಮರುದಿನ ಶಿಲಾ ಮಾದರಿಗಳನ್ನು ಹೊತ್ತು ಮರಳುವುದು ನನ್ನ ವೃತ್ತಿಯ ಭಾಗವೇ ಆಗಿದೆ. ಈ ಕೆಲಸಕ್ಕಾಗಿ 3,500 ರೂಪಾಯಿಗೆ ಕೊಂಡ 60 ಲೀಟರ್‌ನ ಬೆನ್ನುಚೀಲವೊಂದನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ರಚನೆಯ ಚೀಲಗಳನ್ನು ಮೂರು ನಾಲ್ಕು ಕಂಪನಿಗಳು ಹೆಚ್ಚುಕಡಿಮೆ ಇದೇ ಬೆಲೆಗೆ ಮಾರುವುದರಿಂದ ಕಂಪನಿಯ ಹೆಸರಿಗಿಂತ ರಚನೆಯನ್ನು ವಿವರಿಸುವುದೇ ಕೊಳ್ಳುವವರಿಗೆ ಹೆಚ್ಚು ಉಪಯೋಗ.

ಚಾರಣಿಗರ ಚೀಲ ನಡೆದಂತೆಲ್ಲ ಹಗುರವಾಗುತ್ತದೆ, ಏಕೆಂದರೆ ಅನ್ನ ನೀರು ಖರ್ಚಾಗುತ್ತಾ ಹೋಗುತ್ತದೆ. ನಮ್ಮ ಚೀಲದಲ್ಲಿ ನೀರು ಖಾಲಿಯಾದ ಜಾಗಕ್ಕೆ ಕಲ್ಲು ಬರುತ್ತದೆ. ಹೊರಡುವಾಗ ಹೊದಿಕೆ, ನಾಲ್ಕು ಲೀಟರ್ ನೀರು, ರೊಟ್ಟಿ, ಚಟ್ನಿಪುಡಿ, ಸುತ್ತಿಗೆ, ದಿಕ್ಸೂಚಿ, ನಕ್ಷೆ ಎಲ್ಲ ಸೇರಿ ಒಂಬತ್ತು ಹತ್ತು ಕಿಲೋ ಇರುವ ಹೊರೆ, ಮರುದಿನ ಸಂಜೆ ಬಸ್ಸಿಗೆ ಕಾಯುವ ಹೊತ್ತಿಗೆ ಹದಿನೆಂಟು ಇಪ್ಪತ್ತು ಕಿಲೋ ಆಗಿರುತ್ತದೆ. ಇಂಥದೇ ಪರಿಸ್ಥಿತಿ ಅಮೆರಿಕದ ಪರ್ವತ ಪ್ರದೇಶದ ಬೇಟೆಗಾರರದು. ಅಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋದವರು ಹಗುರಾಗಿ ಕಾಡು ಹೊಕ್ಕು, ಬೇಟೆ ಸಿಕ್ಕರೆ ಒಂದೊಂದೇ 25 ಕಿಲೋ ದಾಟುವ ತೊಡೆಗಳನ್ನು ಹೊತ್ತು ಹೊರಬರಬೇಕಾಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ, ಅದು ಸರಿಯಾದದ್ದೇ. ಆದರೆ ಆ ಬೇಟೆಗಾರರಿಗಾಗಿ ರೂಪಿಸಿದ ಚೀಲಗಳ ರಚನೆಯಿಂದ ನಾವು ಕಲಿಯಬೇಕಾದದ್ದು ಬಹಳ ಇದೆ. ಅವುಗಳಲ್ಲಿ ಗಟ್ಟಿಯಾದ ಚೌಕಟ್ಟೊಂದಿದ್ದು, ಆ ಚೌಕಟ್ಟಿಗೂ ಚೀಲಕ್ಕೂ ನಡುವೆ ಭಾರವನ್ನು ಇಡುವ ಅಟ್ಟಣೆಯಂಥ ಜಾಗವಿರುತ್ತದೆ. ಹೊರೆ ಬೆನ್ನಿಗೆ ಒತ್ತಿಕೊಂಡಿರುತ್ತದೆ, ಉಳಿದ ಸಾಮಾನು ಹೊರಮಗ್ಗುಲಿಗೆ ಸರಿಯುತ್ತದೆ. ಅಂಥ ಚೀಲವನ್ನು ಆಮದು ಮಾಡಿಕೊಳ್ಳಲು ಮೂವತ್ತು ಸಾವಿರ ರೂಪಾಯಿಗಿಂತ ಹೆಚ್ಚು ತೆರಬೇಕು. ಅಷ್ಟು ದುಡ್ಡಿಲ್ಲದವರು ಆ ತತ್ವವನ್ನು ಅಗ್ಗದ ಚೀಲದಲ್ಲಿ ಎಷ್ಟರಮಟ್ಟಿಗೆ ಸಾಧಿಸಿಕೊಳ್ಳಬಹುದು ಎಂಬುದನ್ನೇ ಈ ಬರಹದಲ್ಲಿ ಮುಖ್ಯವಾಗಿ ನೋಡಿದ್ದೇನೆ.

ಚೀಲ ಕೊಳ್ಳುವವರು ಮೊದಲು ಕೇಳುವುದು ಎಷ್ಟು ಲೀಟರ್ ಎಂದು. ಭಾರ ಹೊರುವವರಿಗೆ ಅದು ಎರಡನೆಯ ಪ್ರಶ್ನೆ. ಚಿತ್ರದುರ್ಗದ ಶಿಲಾಪಟ್ಟಿಯ ಹಸಿರು ಶಿಲೆಗಳ ಸಾಂದ್ರತೆ ನೀರಿನ ಸುಮಾರು ಮೂರರಷ್ಟು. ಕಬ್ಬಿಣದ ಅಂಶವಿರುವ ಪಟ್ಟೆಶಿಲೆಗಳದ್ದು ಅದಕ್ಕೂ ಹೆಚ್ಚು. ಶುದ್ಧ ಹೆಮಟೈಟ್ ಎಂಬ ಕಬ್ಬಿಣದ ಅದಿರಿನದ್ದು ಐದರಷ್ಟನ್ನೂ ದಾಟುತ್ತದೆ. ತಲಾ ಒಂದು ಕಿಲೋದ ಹನ್ನೆರಡು ಹಸಿರು ಶಿಲೆಯ ತುಂಡುಗಳು ಕೇವಲ ನಾಲ್ಕು ಲೀಟರ್ ಜಾಗ ಹಿಡಿಯುತ್ತವೆ, ಸಂದುಗಳ ಲೆಕ್ಕ ಸೇರಿಸಿದರೂ ಏಳೆಂಟು ಲೀಟರ್ ಆದೀತು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ತೂಕ ಕೂತಾಗ ಬಟ್ಟೆಯ ಚೀಲ ಕೆಳಗೆ ಜೋತುಬೀಳುತ್ತದೆ, ತಳದ ಹೊಲಿಗೆ ಎಳೆಯುತ್ತದೆ, ಹೊತ್ತವರ ಹೆಗಲು ಹಿಂದಕ್ಕೆ ಜಗ್ಗುತ್ತದೆ. ಆದ್ದರಿಂದ ಕೈಯಲ್ಲಿರುವ ಅಲ್ಪ ಹಣವನ್ನು ಚೌಕಟ್ಟು ಮತ್ತು ಸೊಂಟಪಟ್ಟಿಗೆ ಹಾಕಬೇಕು. ಜೇಬುಗಳ ಸಂಖ್ಯೆ, ಬಣ್ಣ, ಲ್ಯಾಪ್‌ಟಾಪ್ ಅರೆ ಇವುಗಳಿಗೆ ಕೊಟ್ಟ ದುಡ್ಡು ನಮ್ಮ ಕೆಲಸಕ್ಕೆ ಬರುವುದಿಲ್ಲ.

ಈ ಬೆಲೆಯ ಸುತ್ತಮುತ್ತ ಸಿಗುವ ಚೀಲಗಳನ್ನು ನೋಡಿದರೆ ಕಾಲೇಜು ಬ್ಯಾಗುಗಳನ್ನು ಆರಂಭದಲ್ಲೇ ಬಿಟ್ಟುಬಿಡಬೇಕು, ಅವುಗಳಲ್ಲಿ ಸೊಂಟಪಟ್ಟಿ ಇದ್ದರೂ ಅದು ಬರೀ ನಿವಾರ್ ಪಟ್ಟಿ. ಮಿಲಿಟರಿ ಬ್ಯಾಗ್ ಎಂದು ಪೇಟೆಯಲ್ಲಿ ಮಾರುವವು ನೋಡಲು ಗಟ್ಟಿಯಾಗಿದ್ದರೂ ಹೆಚ್ಚಿನವುಗಳಲ್ಲಿ ಚೌಕಟ್ಟೇ ಇರುವುದಿಲ್ಲ. ನಿಜವಾದ ಸೇನಾ ಚೀಲಗಳ ವಿಷಯ ಬೇರೆ. ಅಮೆರಿಕದ ಸೇನೆ 1970ರ ದಶಕದಲ್ಲಿ ಬಳಕೆಗೆ ತಂದ ಆಲಿಸ್ ಚೀಲಕ್ಕೆ ಹೊರಗಿನಿಂದ ಅಲ್ಯೂಮಿನಿಯಂ ಚೌಕಟ್ಟಿತ್ತು, ಅಲ್ಲಿನ ಬಡ ಬೇಟೆಗಾರರು ಇಂದಿಗೂ ಹಳೆಯ ಆಲಿಸ್ ಚೌಕಟ್ಟುಗಳನ್ನು ಹುಡುಕಿ ಕೊಳ್ಳುವುದು ಅದಕ್ಕಾಗಿಯೇ. ನಮಗೆ ಸಿಗುವುದರಲ್ಲಿ ಉಳಿಯುವುದು ಒಳಚೌಕಟ್ಟಿನ ಚಾರಣ ಚೀಲ. ಅದರಲ್ಲೂ ಕೆಲವಕ್ಕೆ ಬೆನ್ನಿನ ಭಾಗದಲ್ಲಿ ಬರೀ ಪ್ಲಾಸ್ಟಿಕ್ ಹಾಳೆ, ಕೆಲವಕ್ಕೆ ತಂತಿಯ ಬಳೆ, ಕೆಲವಕ್ಕೆ ಎರಡು ಅಲ್ಯೂಮಿನಿಯಂ ಪಟ್ಟಿಗಳಿರುತ್ತವೆ. ಹದಿನೈದು ಕಿಲೋ ಮೀರಿದ ಹೊರೆಗೆ ಅಲ್ಯೂಮಿನಿಯಂ ಪಟ್ಟಿಯ ಚೀಲವನ್ನೇ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆ ಪಟ್ಟಿಗಳನ್ನು ಹೊರತೆಗೆದು ಮೊಣಕಾಲಿನ ಮೇಲಿಟ್ಟು ಒತ್ತಿ ನಮ್ಮ ಬೆನ್ನಿನ ಬಾಗಿಗೆ ಹೊಂದಿಸಿಕೊಳ್ಳಲೂ ಬರುತ್ತದೆ.

ಕೊಳ್ಳುವ ಮುನ್ನ ಬೆನ್ನಿನ ಅಳತೆ ತಿಳಿದಿರಬೇಕು. ತಲೆ ಬಾಗಿಸಿದಾಗ ಕುತ್ತಿಗೆಯ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಎರಡೂ ಸೊಂಟದ ಮೂಳೆಗಳ ಮೇಲಂಚನ್ನು ಕೂಡಿಸುವ ಗೆರೆಯವರೆಗೆ ದರ್ಜಿಯ ಟೇಪಿನಿಂದ ಅಳೆಯಬೇಕು. ನನ್ನದು 47 ಸೆಂಟಿಮೀಟರ್. ಆಳಿನ ಎತ್ತರಕ್ಕೂ ಈ ಅಳತೆಗೂ ನೇರ ಸಂಬಂಧವಿಲ್ಲ; ಎತ್ತರವಿದ್ದೂ ಬೆನ್ನು ಗಿಡ್ಡ ಇರುವವರಿದ್ದಾರೆ. ದಾವಣಗೆರೆಯ ಅಂಗಡಿಯಲ್ಲಿ ನಾನು ಖಾಲಿ ಚೀಲವನ್ನು ಹಾಕಿ ನೋಡಿ ಸುಮ್ಮನಾಗಲಿಲ್ಲ. ಮಾಲೀಕರನ್ನು ಕೇಳಿ, ಪಕ್ಕದ ಕಿರಾಣಿ ಅಂಗಡಿಯಿಂದ ಐದೈದು ಕಿಲೋದ ಮೂರು ಅಕ್ಕಿ ಚೀಲಗಳನ್ನು ತರಿಸಿ, ಒಳಗೆ ತುಂಬಿ, ಅಂಗಡಿಯ ಮೆಟ್ಟಿಲನ್ನು ಹತ್ತಾರು ಸಲ ಹತ್ತಿ ಇಳಿದೆ. "ಹಿಂಗ್ ನೋಡಿ ತಗಳ್ಳೋರು ನೀವೇ ಮೊದಲು ಸರ್" ಎಂದು ಅವರು ನಕ್ಕರೂ ಬೇಡವೆನ್ನಲಿಲ್ಲ. ಸೊಂಟಪಟ್ಟಿ ಬಿಗಿದ ಮೇಲೆ ಹೆಗಲಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ತೂರದಿದ್ದರೆ ಭಾರ ಹೆಗಲ ಮೇಲೆಯೇ ಉಳಿದಿದೆ ಎಂದರ್ಥ. ಅಲ್ಲಿದ್ದ ನಾಲ್ಕು ಚೀಲಗಳಲ್ಲಿ ಇದೊಂದೇ ಈ ಪರೀಕ್ಷೆಯಲ್ಲಿ ನಿಂತಿತು.

ಬಳಕೆಯಲ್ಲಿ ಈ ಚೀಲದ ಚೌಕಟ್ಟು ಒಮ್ಮೆಯೂ ಕೈಕೊಟ್ಟಿಲ್ಲ. ಇಪ್ಪತ್ತು ಕಿಲೋ ಹೊತ್ತು ಭೀಮಸಮುದ್ರದ ಕಡೆಯ ಗುಡ್ಡಗಳ ಸಡಿಲ ಕಲ್ಲಿನ ಇಳಿಜಾರಿನಲ್ಲಿ ಇಳಿಯುವಾಗಲೂ ಹೊರೆ ಅತ್ತಿತ್ತ ಹೊಯ್ದಾಡುವುದಿಲ್ಲ. ಹೆಗಲಪಟ್ಟಿಯ ಮೇಲಿನಿಂದ ಚೀಲದ ನೆತ್ತಿಗೆ ಹೋಗುವ ಎರಡು ಸಣ್ಣ ಎಳೆಪಟ್ಟಿಗಳಿವೆ. ಏರುವಾಗ ಅವುಗಳನ್ನು ಸ್ವಲ್ಪ ಬಿಗಿ ಮಾಡಿದರೆ ಚೀಲದ ತಲೆ ಬೆನ್ನಿಗೆ ಹತ್ತಿರವಾಗುತ್ತದೆ. ಬೈಕಿನಲ್ಲಿ ಹೋಗುವಾಗ ಮಾತ್ರ ಎಲ್ಲ ಉಲ್ಟಾ: ಚೀಲದ ತಳ ಹಿಂದಿನ ಸೀಟಿಗೆ ತಾಗಿ ಮೇಲಕ್ಕೆ ಒತ್ತುವುದರಿಂದ ಸೊಂಟಪಟ್ಟಿ ಬಿಚ್ಚಿ, ಹೆಗಲಪಟ್ಟಿ ಸಡಿಲಿಸಿ, ಭಾರವನ್ನು ಸೀಟಿಗೇ ಬಿಡುವುದು ಒಳ್ಳೆಯದು.

ಮೂಲ ಚೀಲದ ದೊಡ್ಡ ಕೊರತೆಯೆಂದರೆ ಕಲ್ಲು ತಳಕ್ಕೆ ಕುಸಿಯುವುದು. ಭಾರದ ವಸ್ತು ಬೆನ್ನಿನ ನಡುಮಟ್ಟದಲ್ಲಿ, ಬೆನ್ನುಮೂಳೆಗೆ ಆದಷ್ಟು ಹತ್ತಿರ ಇರಬೇಕು. ತಳದಲ್ಲಿದ್ದರೆ ನಡೆಯುವಾಗ ಹಿಂದಕ್ಕೆ ಎಳೆಯುತ್ತದೆ, ಮೇಲಿದ್ದರೆ ತೂಗಾಡಿಸುತ್ತದೆ. ಹೊದಿಕೆಯನ್ನು ತಳದಲ್ಲಿಟ್ಟು ಅದರ ಮೇಲೆ ಕಲ್ಲು ಜೋಡಿಸಿದರೂ ಒಂದೆರಡು ಗಂಟೆಯ ನಡಿಗೆಯಲ್ಲಿ ಹೊದಿಕೆ ಅಪ್ಪಚ್ಚಿಯಾಗಿ ಕಲ್ಲು ಕೆಳಗಿಳಿಯುತ್ತದೆ. ಇದಕ್ಕೆ ಪರಿಹಾರ ಸಿಕ್ಕಿದ್ದು ಚಿತ್ರದುರ್ಗದಲ್ಲಿ ಆಟೋ ಹುಡ್, ಬೈಕ್ ಸೀಟು ಹೊಲಿಯುವ ಕುಶನ್ ಅಂಗಡಿಯಲ್ಲಿ. ದಪ್ಪ ಕ್ಯಾನ್ವಾಸಿನಿಂದ ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಚಪ್ಪಟೆ ಒಳಚೀಲವೊಂದನ್ನು ಹೊಲಿಸಿ, ಅದರ ಎರಡು ಮೂಲೆಗಳಿಂದ ನಿವಾರ್ ಪಟ್ಟಿಗಳನ್ನು ಅಲ್ಯೂಮಿನಿಯಂ ಪಟ್ಟಿಗಳ ಮೇಲ್ತುದಿಗೆ ಕಟ್ಟಿಸಿದೆ. ಹೊಲಿದ ಹಿರಿಯರು ಚೀಲವನ್ನು ಒಳಹೊರಗೆ ಮಾಡಿ, ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ, "ಬಟ್ಟೆ ಗಟ್ಟಿ ಐತೆ ಮೇಷ್ಟ್ರೇ, ಆದ್ರೆ ಹೆಗಲಪಟ್ಟಿ ಸೇರೋ ಕಡೆ ಒಂದೇ ಸಾಲು ಹೊಲ್ಗೆ ಹಾಕವ್ರೆ, ಅದು ಬಿಡ್ತದೆ ನೋಡಿ" ಎಂದು, ಕೇಳದಿದ್ದರೂ ಅಲ್ಲಿ ಅಡ್ಡ ಪಟ್ಟಿಯೊಂದನ್ನಿಟ್ಟು ನೈಲಾನ್ ದಾರದಲ್ಲಿ ಚೌಕಾಕಾರವಾಗಿ ಹೊಲಿದು, ಒಳಗೆ ಓರೆಗೆರೆಗಳನ್ನೂ ಹಾಕಿಕೊಟ್ಟರು. ಎಲ್ಲ ಸೇರಿ ತೆಗೆದುಕೊಂಡದ್ದು 350 ರೂಪಾಯಿ. ಈಗ ಕಲ್ಲುಗಳು ಚೌಕಟ್ಟಿಗೇ ತೂಗಿಕೊಂಡು ಬೆನ್ನಿಗೆ ಒರಗಿರುತ್ತವೆ, ಅವುಗಳ ತೂಕ ಚೀಲದ ಬಟ್ಟೆಯ ಮೇಲೆ ಬೀಳುವುದೇ ಇಲ್ಲ. ದುಬಾರಿ ಬೇಟೆ ಚೀಲದ ಅಟ್ಟಣೆ ಮಾಡುವ ಕೆಲಸದ ಮುಕ್ಕಾಲು ಪಾಲನ್ನು ಈ ಒಳಚೀಲ ಮಾಡುತ್ತದೆ. ಕ್ಯಾನ್ವಾಸಿಗೂ ಬೆನ್ನಿಗೂ ನಡುವೆ ಚೀಲದ ಫೋಮ್ ಇರುವುದರಿಂದ ಕಲ್ಲಿನ ಮೂಲೆ ಚುಚ್ಚುವುದಿಲ್ಲ. ಆದರೂ ಚೂಪಾದ ಮಾದರಿಗಳನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ಇಡುತ್ತೇನೆ, ಒಂದಕ್ಕೊಂದು ಉಜ್ಜಿದರೆ ಮಾದರಿಯೂ ಕೆಡುತ್ತದೆ.

ಮಾದರಿ ಎಂದಾಗ ಒಂದು ಮಾತು ಹೇಳಲೇಬೇಕು. ಐಮಂಗಲದ ಬಳಿಯ ಮರಡಿಹಳ್ಳಿಯ ದಿಂಬು ಲಾವಾ, ಅಂದರೆ ನೀರಿನಡಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ ಬಂಡೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಚಿತ್ರದುರ್ಗದ ಕೋಟೆಯ ಬಂಡೆಗಳು ಸಂರಕ್ಷಿತ ಸ್ಮಾರಕದ ಭಾಗ. ಜೋಗಿಮಟ್ಟಿ ವನ್ಯಧಾಮ. ಈ ಮೂರೂ ಕಡೆ ಸುತ್ತಿಗೆ ಎತ್ತಬಾರದು. ಅರಣ್ಯದೊಳಗೆ ಇರುಳು ಉಳಿಯಲು ಇಲಾಖೆಯ ಅನುಮತಿಯೂ ಬೇಕು. ಎಷ್ಟು ಒಳ್ಳೆಯ ಚೀಲವಿದ್ದರೂ ಅಲ್ಲಿಂದ ಹೊತ್ತು ತರಬಹುದಾದದ್ದು ಚಿತ್ರ ಮತ್ತು ಟಿಪ್ಪಣಿ ಮಾತ್ರ.

ಇನ್ನು ಸವೆತದ ವಿಷಯ. ಚೀಲದ ಮೈ 420 ಡೆನಿಯರ್ ನೈಲಾನ್, ತಳ ಅದಕ್ಕಿಂತ ದಪ್ಪ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡೆನಿಯರ್. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ. ಬಳ್ಳಾರಿ ಜಾಲಿಯ ಪೊದೆಗಳಲ್ಲಿ ನುಗ್ಗಿದರೂ ಈ ಬಟ್ಟೆ ಹರಿದಿಲ್ಲ, ಅಲ್ಲಲ್ಲಿ ನೂಲು ಎದ್ದಿದೆ ಅಷ್ಟೆ. ಆದರೆ ಜೊತೆಗೆ ಕೊಟ್ಟ ಮಳೆ ಹೊದಿಕೆ ಮೊದಲ ಮಳೆಗಾಲದಲ್ಲೇ ಮುಳ್ಳಿಗೆ ಸಿಕ್ಕಿ ಚಿಂದಿಯಾಯಿತು. ಪಕ್ಕದ ಬಲೆ ಜೇಬುಗಳೂ ಹೆಚ್ಚು ಕಾಲ ಉಳಿಯಲಿಲ್ಲ. ಬೆನ್ನಿಗೆ ತಾಗುವ ಬಲೆಬಟ್ಟೆ ಗಾಳಿಯಾಡುವುದಕ್ಕೆ ಚೆನ್ನಾಗಿದೆ, ಬೇಸಿಗೆಯಲ್ಲಿ ಬೆನ್ನು ಬೇಯುವುದು ತಪ್ಪುತ್ತದೆ. ಆದರೆ ನವೆಂಬರ್, ಡಿಸೆಂಬರ್‌ನಲ್ಲಿ ಒಣಹುಲ್ಲಿನ ಗುಡ್ಡದಲ್ಲಿ ಚೀಲವನ್ನು ಒಮ್ಮೆ ನೆಲಕ್ಕಿಟ್ಟರೆ ಸಾಕು, ಹುಲ್ಲಿನ ಮುಳ್ಳುಬೀಜಗಳು ಆ ಬಲೆಯ ಕಣ್ಣುಕಣ್ಣಿಗೂ ನೆಟ್ಟುಕೊಂಡು, ಮತ್ತೆ ಹೊತ್ತಾಗ ಅಂಗಿಯ ಮೂಲಕ ಚರ್ಮಕ್ಕೆ ಇಳಿಯುತ್ತವೆ. ಚಿಮುಟದಿಂದ ಒಂದೊಂದಾಗಿ ಕೀಳದೆ ಬೇರೆ ದಾರಿಯಿಲ್ಲ. ಈಗ ಚೀಲವನ್ನು ಬೆನ್ನಿನ ಭಾಗ ಮೇಲಾಗಿ ಮಲಗಿಸುವುದನ್ನು ರೂಢಿಸಿಕೊಂಡಿದ್ದೇನೆ, ವಿದ್ಯಾರ್ಥಿಗಳಿಗೂ ಅದನ್ನೇ ಹೇಳುತ್ತೇನೆ.

ಜಿಪ್ಪುಗಳಿಗೆ ಕಬ್ಬಿಣದ ಅದಿರಿನ ಕೆಂಪು ಧೂಳು ಶತ್ರು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ, ಮೇಣದಬತ್ತಿಯನ್ನು ಹಲ್ಲುಗಳ ಮೇಲೆ ಸವರಿದರೆ ರನ್ನರ್ ಸರಾಗವಾಗಿ ಓಡುತ್ತದೆ. ತಳದ ಜಿಪ್ಪಿನ ರನ್ನರನ್ನು ಒಮ್ಮೆ ಬದಲಿಸಬೇಕಾಯಿತು. ಎದೆಪಟ್ಟಿಯ ಬಕಲ್ ಒಡೆದಾಗ ಅಂಥದೇ ಬಕಲ್ ಇಪ್ಪತ್ತು ರೂಪಾಯಿಗೆ ಬ್ಯಾಗ್ ರಿಪೇರಿಯವರಲ್ಲಿ ಸಿಕ್ಕಿತು.

ಇವೆಲ್ಲಕ್ಕಿಂತ ಗಂಭೀರವಾದ ದೋಷಗಳು ಎರಡು. ಬಟ್ಟೆಯ ಒಳಮೈಗೆ ನೀರು ತಡೆಯಲೆಂದು ಬಳಿದ ಪಾಲಿಯುರೆಥೇನ್ ಲೇಪನ ಕೆಲವು ವರ್ಷಗಳಲ್ಲೇ ಅಂಟಂಟಾಗಿ ಸಿಪ್ಪೆಯೇಳತೊಡಗಿತು. ಶಾಖ ಮತ್ತು ತೇವ ಸೇರಿದಾಗ ಈ ಲೇಪನ ರಾಸಾಯನಿಕವಾಗಿ ಒಡೆಯುತ್ತದೆ. ಬೆವರಿನಿಂದ ತೊಯ್ದ ಚೀಲವನ್ನು ಒಣಗಿಸದೆ ಮಡಿಸಿಟ್ಟರೆ ಬೇಗ ಒಡೆಯುತ್ತದೆ. ನಾನು ಪ್ರತಿ ಸಲ ನೆರಳಿನಲ್ಲಿ ಆರಹಾಕಿಯೂ ಹೀಗಾದದ್ದರಿಂದ ಲೇಪನವೇ ತೆಳುವಾಗಿತ್ತೆಂದು ನಂಬುತ್ತೇನೆ. ಈಗ ಮಳೆಗಾಲದಲ್ಲಿ ಗೊಬ್ಬರ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ತೊಳೆದು ಒಳಗಿಟ್ಟು, ಅದರಲ್ಲಿ ಬಟ್ಟೆ, ಹೊದಿಕೆ ಇಡುತ್ತೇನೆ. ಅದು ಮಳೆ ಹೊದಿಕೆಗಿಂತ ನೂರು ಪಾಲು ಮೇಲು.

ಎರಡನೆಯದು ಸೊಂಟಪಟ್ಟಿಯ ಫೋಮ್. ಹೊಸದರಲ್ಲಿ ಭಾರದ ಬಹುಪಾಲನ್ನು ಸೊಂಟದ ಮೂಳೆಗಳಿಗೆ ದಾಟಿಸುತ್ತಿದ್ದ ಪಟ್ಟಿ, ಒಳಗಿನ ಮೆತ್ತನೆಯ ಫೋಮ್ ಚಪ್ಪಟೆಯಾದ ಮೇಲೆ ಮೂಳೆಯ ಮೇಲೆ ಹಗ್ಗ ಕಟ್ಟಿದಂತೆ ಒತ್ತತೊಡಗಿತು. ಹದಿನೈದು ಕಿಲೋವರೆಗೆ ಸಹಿಸಬಹುದು, ಮೇಲಾದರೆ ಸಂಜೆಗೆ ಎರಡೂ ಕಡೆ ಕೆಂಪು ಗೆರೆ ಮೂಡುತ್ತದೆ. ಪಟ್ಟಿಯ ಹೊಲಿಗೆ ಬಿಚ್ಚಿಸಿ, ಯೋಗದ ಚಾಪೆಗೆ ಬಳಸುವಂಥ ಗಟ್ಟಿ ಇವಿಎ ಫೋಮನ್ನು ಎರಡು ಪದರ ಮಾಡಿ ಅದೇ ಕುಶನ್ ಅಂಗಡಿಯಲ್ಲಿ ಒಳಗೆ ಹೊಲಿಸಿದ ಮೇಲೆ ಆ ನೋವು ಹೋಯಿತು. ಅದಕ್ಕೆ 200 ರೂಪಾಯಿ ಆಯಿತು. ಅಂಗಡಿಯಲ್ಲಿ ಚೀಲ ಆರಿಸುವಾಗಲೇ ಸೊಂಟಪಟ್ಟಿಯನ್ನು ಹೆಬ್ಬೆರಳಿನಿಂದ ಜೋರಾಗಿ ಅದುಮಿ ನೋಡಿ: ಬೆರಳಿಗೆ ಎದುರಿನ ಬಟ್ಟೆ ತಾಗಿದರೆ ಫೋಮ್ ಹಗುರ ಜಾತಿಯದು.

ರಿಪೇರಿಯ ಖರ್ಚೆಲ್ಲ ಸೇರಿ ಈ ಚೀಲಕ್ಕೆ ನಾಲ್ಕು ಸಾವಿರ ರೂಪಾಯಿಗಿಂತ ತುಸು ಹೆಚ್ಚು ಬಿದ್ದಿದೆ. ಆ ಮೊತ್ತಕ್ಕೆ ಇಪ್ಪತ್ತು ಕಿಲೋವನ್ನು ನೋವಿಲ್ಲದೆ ಹೊರಿಸುವ ಚೀಲ ನನಗೆ ಬೇರೆಲ್ಲೂ ಕಂಡಿಲ್ಲ, ಆದ್ದರಿಂದ ಕಲ್ಲು, ಮಣ್ಣಿನ ಮಾದರಿ, ಕ್ಯಾಮೆರಾ ಸಾಮಗ್ರಿ, ನೀರಿನ ಕ್ಯಾನು ಇಂಥ ಅಡಕವಾದ ಭಾರ ಹೊರುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಆದರೆ ಇದರ ಬೆನ್ನಿನ ಅಳತೆ ಹೆಚ್ಚುಕಡಿಮೆ ಮಾಡಲು ಬರುವುದಿಲ್ಲ. ಬೆನ್ನಿನ ಉದ್ದ 43 ಸೆಂಟಿಮೀಟರ್‌ಗಿಂತ ಕಡಿಮೆ ಇರುವ ನಮ್ಮ ಹಲವು ವಿದ್ಯಾರ್ಥಿನಿಯರು ಇದನ್ನು ಹಾಕಿ ನೋಡಿದಾಗ ಸೊಂಟಪಟ್ಟಿ ಮೂಳೆಯಿಂದ ಕೆಳಗೆ ಜಾರಿ ತೊಡೆಗೆ ಬಡಿಯುತ್ತಿತ್ತು. ಅವರು ಐನೂರೋ ಸಾವಿರವೋ ರೂಪಾಯಿ ಹೆಚ್ಚು ಕೊಟ್ಟಾದರೂ, ಹೆಗಲಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ವೆಲ್ಕ್ರೋದಲ್ಲಿ ಅಂಟಿಸುವ ವ್ಯವಸ್ಥೆಯಿರುವ ಚೀಲವನ್ನೇ ಕೇಳಿ ಕೊಳ್ಳಬೇಕು; ಆ ಬೆಲೆಯಲ್ಲಿ 60 ಲೀಟರ್ ಸಿಗದೆ 50 ಲೀಟರ್ ಸಿಕ್ಕರೂ ಹಿಂಜರಿಯಬೇಕಾಗಿಲ್ಲ.