ದೊಡ್ಡ ಆಲ್-ಟೆರೇನ್ ಟೈರ್ ಹಾಕಿಸುವವರೇ, ನಿಂತ ಗಾಡಿಯ ಅಳತೆ ನಂಬಬೇಡಿ

ಬೆಂಗಳೂರಿನ ಒಂದು ಲ್ಯಾಂಡ್ ರೋವರ್ ಡಿಫೆಂಡರ್ 110. ಕಂಪನಿ ಕೊಟ್ಟಿದ್ದ 255/60 ಆರ್20 ಟೈರ್ ತೆಗೆದು 275/65 ಆರ್20 ಆಲ್-ಟೆರೇನ್ (ಡಾಂಬರು, ಕಚ್ಚಾ ದಾರಿ ಎರಡಕ್ಕೂ ಒಗ್ಗುವ ಒರಟು ಹಲ್ಲಿನ ಟೈರ್) ಹಾಕಿದರು. ಈ ಅಂಕಿಗಳಲ್ಲಿ ಮೊದಲನೆಯದು ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಪಕ್ಕಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್‌ನ ಇಂಚು. ಅಂಗಡಿಯಲ್ಲೇ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ‘ಎಲ್ಲೂ ತಾಗಲ್ಲ ಸಾರ್’ ಎಂದರು. ‘ಸ್ಟೆಪ್ನಿ ಹಳೆಯದೇ ಇರಲಿ, ಐದನೆಯದಕ್ಕೆ ಸುಮ್ಮನೆ ದುಡ್ಡು ಯಾಕೆ’ ಅಂತ ಸಲಹೆಯನ್ನೂ ಕೊಟ್ಟರು. ತಿಂಗಳೊಳಗೆ ಮುಂದಿನ ಎಡ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ತೂತಾಯಿತು, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಸೆನ್ಸರ್ ವೈರ್ ಉಜ್ಜಿ ಸವೆಯಿತು, ಡ್ಯಾಶ್‌ಬೋರ್ಡಿನಲ್ಲಿ ಸಾಲುಸಾಲು ದೀಪ. ಆಮೇಲೆ ಚಾರ್ಮಾಡಿಯಲ್ಲಿ ಪಂಕ್ಚರ್. ಹಳೆ ಸ್ಟೆಪ್ನಿ ಹಾಕಿಕೊಂಡು ಘಾಟಿ ಇಳಿದದ್ದೇ ಎಲ್ಲಕ್ಕಿಂತ ದುಬಾರಿ ತಪ್ಪು.

ಮೊದಲು ಲೆಕ್ಕ ನೋಡಿ. ಹಳೆ ಟೈರಿನ ವ್ಯಾಸ 814 ಮಿ.ಮೀ., ಹೊಸದರದು ಸುಮಾರು 865. ಅಂದರೆ ಶೇ. 6ಕ್ಕಿಂತ ತುಸು ಹೆಚ್ಚು. ಆದರೆ ನೆಲದಿಂದ ಗಾಡಿ ಏಳುವುದು ಅದರ ಅರ್ಧ, 26 ಮಿ.ಮೀ. ಅಷ್ಟೇ. ಏರ್ ಸಸ್ಪೆನ್ಶನ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲ) ಇರುವ ಗಾಡಿಯಲ್ಲಿ ಒಂದು ಬಟನ್ ಒತ್ತಿದರೆ 75 ಮಿ.ಮೀ. ಮೇಲೇಳುತ್ತದೆ. ಹೀಗಿರುವಾಗ 26 ಮಿ.ಮೀ.ಗೆ ಲಕ್ಷಗಟ್ಟಲೆ ಸುರಿಯುವುದು ಫೋಟೋಗೆ ಮಾತ್ರ ಒಪ್ಪುವ ಖರ್ಚು.

ಅಂಗಡಿಯ ಪರೀಕ್ಷೆ ಯಾಕೆ ಸುಳ್ಳಾಯಿತು? ಸಮತಟ್ಟು ನೆಲ, ಸಾಮಾನ್ಯ ಎತ್ತರ, ಖಾಲಿ ಗಾಡಿ ಎಂದರೆ ಟೈರಿಗೆ ಧಾರಾಳ ಜಾಗ ಸಿಗುವ ಸ್ಥಿತಿ. ಹತ್ತಿ ಇಳಿಯಲು ಗಾಡಿಯನ್ನು ತಗ್ಗಿಸಿದಾಗ ಅದು 50 ಮಿ.ಮೀ. ಕೆಳಗೆ ಕೂರುತ್ತದೆ. ಪಾರ್ಕಿಂಗಿನಲ್ಲಿ ಆ ಎತ್ತರದಲ್ಲೇ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆದರೆ ಟೈರಿನ ಭುಜ ಲೈನರ್‌ನ ಹಿಂಭಾಗವನ್ನು ಕೆರೆಯುತ್ತದೆ. ದಿನಕ್ಕೆ ಎರಡು ಸಲ ಕೆರೆದರೂ ಸಾಕು. ಘಾಟಿ ತಿರುವಿನ ಗುಂಡಿಯಲ್ಲಿ ಹೊರಗಿನ ಚಕ್ರ ಒಳಕ್ಕೆ ಒತ್ತಿದಾಗಲೂ ಇದೇ ಪಾಡು. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ: ಸಸ್ಪೆನ್ಶನ್‌ನಲ್ಲಿ ಗಾಳಿ ಸೋರಿ ಗಾಡಿ ಪೂರ್ತಿ ಕುಸಿದರೆ ದೊಡ್ಡ ಟೈರು ಆರ್ಚ್‌ನೊಳಗೆ (ಚಕ್ರದ ಮೇಲಿನ ಕಮಾನು) ಸಿಕ್ಕಿಕೊಂಡು, ಟೋ ಮಾಡಲೂ ಚಕ್ರ ತಿರುಗದೆ ಹೋಗಬಹುದು.

ಅಂಗಡಿಯವರ ಬಳಿ ಇದಕ್ಕೆ ಮೂರು ‘ಮದ್ದು’ ಇರುತ್ತವೆ. ಹೀಟ್ ಗನ್‌ನಿಂದ ಲೈನರ್ ಕಾಯಿಸಿ ಹಿಂದಕ್ಕೆ ಒತ್ತುವುದು. ಹಿಂದೆ ಹಾಯುವ ವೈರು, ಪೈಪುಗಳನ್ನು ನೋಡಿ ಮಾಡಿದರೆ ಇದು ಅಷ್ಟೇನೂ ಕೆಟ್ಟದ್ದಲ್ಲ. ಎರಡನೆಯದು ಸ್ಪೇಸರ್, ಅಂದರೆ ಚಕ್ರವನ್ನು ಹೊರಕ್ಕೆ ತಳ್ಳುವ ಬಿಲ್ಲೆ: ಒಳಗಡೆ ತಾಗುವುದು ನಿಂತು ಹೊರಗಡೆ ತಾಗಲು ಶುರು, ಬೇರಿಂಗ್ ಮೇಲೆ ಭಾರ ಬೇರೆ. ಮೂರನೆಯದು ಎತ್ತರದ ಸೆನ್ಸರ್‌ಗೆ ಬೇರೆ ಉದ್ದದ ರಾಡ್ ಹಾಕಿ, ಗಾಡಿ ತಗ್ಗಿದೆ ಎಂದು ಕಂಪ್ಯೂಟರನ್ನು ನಂಬಿಸುವುದು. ಗಾಡಿ ಏನೋ ಏಳುತ್ತದೆ. ಜೊತೆಗೆ ಚಕ್ರ ಕೆಳಗಿಳಿಯುವ ಅವಕಾಶ ಕಡಿಮೆಯಾಗುತ್ತದೆ, ಆಕ್ಸಲ್‌ನ ಸಿವಿ ಜಾಯಿಂಟ್ (ಬಾಗಿದರೂ ಚಕ್ರಕ್ಕೆ ಶಕ್ತಿ ಸಾಗಿಸುವ ಕೀಲು) ಸದಾ ಓರೆಯಲ್ಲಿ ದುಡಿಯುತ್ತದೆ, ಅಲೈನ್‌ಮೆಂಟ್ ಕೆಡುತ್ತದೆ. ಈ ಮೂರನೆಯದಕ್ಕೆ ಕೈ ಹಾಕಲೇಬೇಡಿ.

ಈಗ ಸ್ಟೆಪ್ನಿ. ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುವ ಗಾಡಿ ಇದು. ದೊಡ್ಡ ಟೈರ್ ಕಿಲೋಮೀಟರಿಗೆ ಸುಮಾರು 368 ಸುತ್ತು ಸುತ್ತಿದರೆ ಹಳೆಯದು 391. ಒಂದೇ ಆಕ್ಸಲ್‌ನಲ್ಲಿ ಕಿಲೋಮೀಟರಿಗೆ 23 ಸುತ್ತಿನ ವ್ಯತ್ಯಾಸ. ಎರಡು ಬದಿಯ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ತಿರುವಿನಲ್ಲಷ್ಟೇ ದುಡಿಯಬೇಕಾದ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ಅರೆಯುತ್ತದೆ. ಚಿಕ್ಕ ಚಕ್ರ ಜಾರುತ್ತಿದೆ ಎಂದುಕೊಂಡ ಟ್ರಾಕ್ಷನ್ ಕಂಟ್ರೋಲ್ ಅದಕ್ಕೆ ಬ್ರೇಕ್ ಹಿಡಿಯಲೂಬಹುದು. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಬಾಕ್ಸ್‌ನ ಕ್ಲಚ್ ಬಿಸಿಯೇರಿದರೆ ಬರುವ ಬಿಲ್ಲಿನ ಮುಂದೆ ಐದನೇ ಟೈರಿನ ಬೆಲೆ ಏನೂ ಅಲ್ಲ. ಹಾಕಿಸುವುದಾದರೆ ಐದೂ ಒಂದೇ ಅಳತೆ, ಒಂದೇ ಮಾದರಿ. ಆದರೆ ಈ ಗಾಡಿಯ ಸ್ಟೆಪ್ನಿ ಹಿಂಬಾಗಿಲಿನ ಮೇಲಿದೆ. ಎಲ್‌ಟಿ (ಲೈಟ್ ಟ್ರಕ್, ಹೆಚ್ಚು ಗಟ್ಟಿ) ದರ್ಜೆಯ 20 ಇಂಚಿನ ಟೈರ್ ರಿಮ್ ಬಿಟ್ಟೇ 25 ಕಿಲೋ ಆಸುಪಾಸು ತೂಗುವುದರಿಂದ ಬಾಗಿಲಿನ ಹಿಂಜ್ ಮೇಲೂ ಕಣ್ಣಿಡಬೇಕು. ತೂತು ಮುಚ್ಚುವ ಪ್ಲಗ್ ಕಿಟ್, ಗಾಳಿ ತುಂಬುವ 12 ವೋಲ್ಟ್ ಕಂಪ್ರೆಸರ್ ಜೊತೆಗಿರಲಿ. ಟೈರಿನ ಪಕ್ಕದ ಗೋಡೆ ಹರಿಯದಿದ್ದರೆ ಎಷ್ಟೋ ಸಲ ಸ್ಟೆಪ್ನಿ ಇಳಿಸುವ ಕೆಲಸವೇ ಇರುವುದಿಲ್ಲ.

ಸ್ಪೀಡೋಮೀಟರ್ ಕೂಡ ಮೊದಲಿಗಿಂತ ಶೇ. 6ರಷ್ಟು ಕಡಿಮೆ ತೋರಿಸುತ್ತದೆ. ಮೈಲೇಜ್ ಕುಸಿದಂತೆ ಕಾಣುವುದರಲ್ಲಿ ಒಂದು ಪಾಲು ಈ ತಪ್ಪೆಣಿಕೆ, ಉಳಿದದ್ದು ನಿಜವಾದ ಕುಸಿತ. ಟೈರಿನ ಬದಿಯ ಅಳತೆ ಬರಹದ ಕೊನೆಯ ಅಕ್ಷರವನ್ನೂ ಓದಿ: ಎಚ್ ಎಂದರೆ ಗಂಟೆಗೆ 210 ಕಿ.ಮೀ. ಮಿತಿ, ಎಸ್ ಎಂದರೆ 180, ಕ್ಯೂ ಎಂದರೆ 160. ಆ ಅಕ್ಷರದ ಮುಂಚಿನ ಲೋಡ್ ಸಂಖ್ಯೆ (ಟೈರ್ ಹೊರಬಲ್ಲ ಭಾರದ ಸೂಚಕ) ಕಂಪನಿ ಟೈರಿನದಕ್ಕಿಂತ ಕಡಿಮೆ ಇರಕೂಡದು.

ಕಾನೂನಿನ ಮಾತು ಚಿಕ್ಕದು. ಕಂಪನಿ ಸೂಚಿಸಿದ ವಿವರಕ್ಕೆ ಹೊಂದದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಿ. 2019ರ ತಿದ್ದುಪಡಿಯ ನಂತರ ಒಂದೊಂದು ಮಾರ್ಪಾಡಿಗೂ 5,000 ರೂ. ದಂಡ ಬೀಳಬಹುದು. ಅಪಘಾತವಾದರೆ ವಿಮೆಯವರಿಗೂ ಒಂದು ನೆಪ ಸಿಕ್ಕಂತೆ.

ಸಕಲೇಶಪುರ, ಕೊಡಗಿನ ತೋಟದ ಕೆಸರಿಗೆ ಬೇಕಾದದ್ದು ದೊಡ್ಡ ವ್ಯಾಸವಲ್ಲ, ಒರಟು ಹಲ್ಲು ಮತ್ತು ಎತ್ತರದ ಪಕ್ಕಗೋಡೆ. 18 ಇಂಚಿನ ರಿಮ್‌ಗೆ 255/70 ಆರ್18 ಹಾಕಿದರೆ ವ್ಯಾಸ ಅದೇ 814, ಪಕ್ಕಗೋಡೆ ಮಾತ್ರ 153ರಿಂದ 178 ಮಿ.ಮೀ.ಗೆ ಏರುತ್ತದೆ. ಗಾಳಿ ಇಳಿಸಿ ಓಡಿಸಲು ಇದೇ ಮೇಲು. ದೊಡ್ಡ ಬ್ರೇಕ್ ಇರುವ ಮಾದರಿಗಳಲ್ಲಿ 18 ಇಂಚಿನ ರಿಮ್ ಬ್ರೇಕ್ ಡಿಸ್ಕ್ ಹಿಡಿಯುವ ಕ್ಯಾಲಿಪರ್‌ಗೆ ತಾಗುತ್ತದೆ, ಹಾಗಾಗಿ ದುಡ್ಡು ಕೊಡುವ ಮೊದಲು ಬರೀ ರಿಮ್ ಕೂರಿಸಿ ಕೈಯಲ್ಲಿ ತಿರುಗಿಸಿ ನೋಡಿ. ರಿಮ್ ಬದಲಿಸುವ ಮನಸ್ಸಿಲ್ಲವಾದರೆ 255/60 ಆರ್20ರಲ್ಲೇ ಆಲ್-ಟೆರೇನ್ ಸಿಗುತ್ತದೆ.

ಇಷ್ಟಾದರೂ ದೊಡ್ಡದೇ ಬೇಕೆಂದರೆ ಮೊದಲು ಮುಂದಕ್ಕೆ ಒಂದೇ ಟೈರ್ ಹಾಕಿಸಿ. ಲೈನರ್‌ಗೆ ಸೀಮೆಸುಣ್ಣ ಬಳಿದು, ಗಾಡಿಯನ್ನು ಅತಿ ತಗ್ಗಿನ ಎತ್ತರಕ್ಕೆ ಇಳಿಸಿ, ಅಂಗಡಿಯ ಅಂಗಳದಲ್ಲೇ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಮುಂದೆ ಹಿಂದೆ ಚಲಿಸಿ. ಆಮೇಲೆ ಆ ಚಕ್ರವನ್ನೇ ದಪ್ಪ ಹಲಗೆಯ ಮೇಲೆ ಹತ್ತಿಸಿ, ಇನ್ನೊಮ್ಮೆ. ಸುಣ್ಣ ಅಳಿಸಿದ್ದರೆ ಉಳಿದ ನಾಲ್ಕನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.