ಕೌಲ್ ಬಜಾರಿನ ಜೀನ್ಸ್ ಅಂಗಡಿ: ಪ್ಯಾಂಟ್ ಚಲೋ ಐತೆ, ಲೇಬಲ್ ಮಾತ್ರ ಬದಲಾಗ್ಬೇಕು

ಹೋದ ಭಾನುವಾರ ಬಳ್ಳಾರಿ ಕೌಲ್ ಬಜಾರ್‌ನಾಗೆ ಒಂದು ಸಣ್ಣ ಅಂಗಡೀಲಿ ಎರಡು ಜೀನ್ಸ್ ತಗೊಂಡೆ, ನನಗೊಂದು ನಮ್ ತಮ್ಮನಿಗೊಂದು, ಎರಡೂ ಸೇರಿ 1,100 ರೂಪಾಯಿ. ಹೊಲಿಗೆ ಗಟ್ಟಿ, ಜಿಪ್ ಸಲೀಸು, ಉದ್ದ ಜಾಸ್ತಿ ಇತ್ತು ಅಂದಿದ್ದಕ್ಕೆ ಅಲ್ಲೇ ಹತ್ತು ನಿಮಿಷದಾಗೆ ಮಡಚಿ ಹೊಲಿದು ಕೊಟ್ರು, ಬೇರೆ ದುಡ್ಡು ತಗೊಳ್ಲಿಲ್ಲ. ಟ್ರಯಲ್ ರೂಮ್ ಇಕ್ಕಟ್ಟು.

ಆದ್ರೆ ಇದನ್ನ ಬರೀತಿರೋದು ಆ ಅಂಗಡಿ ಅಣ್ಣನ ಸಲುವಾಗಿ. ಡೆನಿಮ್ ಬೇರೆ ಜೀನ್ಸ್ ಬೇರೆ ಏನಣ್ಣ ಅಂತ ಕೇಳಿದೆ. ಅವ್ರು ಪ್ಯಾಂಟಿನ ಕಾಲು ಒಳಗಿಂದು ಹೊರಗೆ ಮಾಡಿ ತೋರಿಸಿದ್ರು, ಹಾಸಿನ (ಉದ್ದಕ್ಕೆ ಇರೋ) ನೂಲಿಗಷ್ಟೇ ನೀಲಿ ಬಣ್ಣ, ಹೊಕ್ಕಿನ (ಅಡ್ಡ ಇರೋ) ನೂಲು ಬಿಳೀದು, ಅದಕ್ಕೇ ಹೊರಗೆ ನೀಲಿ ಒಳಗೆ ಬೆಳ್ಳಗೆ, ಇದು ಡೆನಿಮ್. ಹಳೇ ಕಾಲದ ಜೀನ್ ಬಟ್ಟೇಲಿ ಎರಡೂ ನೂಲಿಗೆ ಒಂದೇ ಬಣ್ಣ ಇರ್ತಿತ್ತಂತೆ. ಅಂದ್ರೆ ನಾವು ಇಷ್ಟು ವರ್ಷ ಹಾಕ್ಕೊಂಡಿದ್ದೆಲ್ಲ ಡೆನಿಮ್ಮು, ಹೆಸರು ಮಾತ್ರ ಜೀನ್ಸ್!

ಮನೆಗ್ ಬಂದು ಹುಡುಕಿದ್ರೆ ಎಲ್ಲಾ ಊರಿನ ಹೆಸರೇ. ಇಟಲಿಯ ಜಿನೋವಾ ಬಂದರಿಗೆ ಫ್ರೆಂಚರು ಝೆನ್ ಅಂತಾರೆ, ಆ ಊರಿನ ಗಟ್ಟಿ ಬಟ್ಟೆ ಇಂಗ್ಲಿಷ್‌ನೋರ ಬಾಯಲ್ಲಿ ಜೀನ್ ಆಯ್ತು. ಫ್ರಾನ್ಸಿನ ನೀಮ್ ಊರಿನ ಸರ್ಜ್ ಅನ್ನೋ ಗಟ್ಟಿ ನೇಯ್ಗೆ ಬಟ್ಟೆಗೆ 'ಸರ್ಜ್ ದ ನೀಮ್' ಅಂತಿದ್ರು, ಸರ್ಜ್ ಬಿದ್ದುಹೋಗಿ ಡೆನಿಮ್ ಉಳೀತು. ಡಂಗರೀಸ್ ಅನ್ನೋ ಒರಟು ಬಟ್ಟೆ ಹೆಸರು ನಮ್ಮ ಮುಂಬೈನ ಡೋಂಗ್ರಿ ಇಂದ ಹೋಗಿದ್ದು, ಜೀನ್ಸಿನ ನೀಲಿ ಬಣ್ಣ ಇಂಡಿಗೋ ಅಂದ್ರೆ ಗ್ರೀಕ್‌ನಾಗೆ ಇಂಡಿಯಾದ್ದು ಅಂತ, ನನಗೆ ಇದನ್ನ ಓದಿ ಭಾಳ ಖುಷಿ ಆಯ್ತು. ಜೇಬಿನ ಮೂಲೇಲಿರೋ ತಾಮ್ರದ ರಿವೆಟ್ಟಿಗೆ (ಬಟ್ಟೆ ಹರೀದಂಗೆ ಬಡಿಯೋ ಮೊಳೆ) ದರ್ಜಿ ಜೇಕಬ್ ಡೇವಿಸ್, ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಸೇರಿ ಅಮೆರಿಕದಾಗೆ 1873ರ ಮೇ 20ಕ್ಕೆ ಪೇಟೆಂಟ್ ತಗೊಂಡ್ರು, ಆವಾಗ ಆ ಪ್ಯಾಂಟಿಗೆ ಜೀನ್ಸ್ ಅಂತ ಹೆಸರೂ ಇರ್ಲಿಲ್ಲ, ಓವರಾಲ್ಸ್ ಅಂತಿದ್ರು.

ಬೇಜಾರಾಗೋದು ಒಂದೇ. ಜಿನೋವಾ, ನೀಮ್, ಡೋಂಗ್ರಿ ಹೆಸರು ಬಟ್ಟೇಲಿ ಉಳಿದಾವೆ, ನಮ್ಮೂರಾಗೆ ಮನೆಮನೇಲಿ ಮಿಷನ್ ತುಳಿದು ಹೊಲಿಯೋ ಜನ ಅದಾರೆ, ನಾನು ತಂದ ಪ್ಯಾಂಟಿನ ಸೊಂಟದ ಲೇಬಲ್ ಮೇಲೆ ನೋಡಿದ್ರೆ ಯಾವುದೋ ಗೊತ್ತಿಲ್ಲದ ಇಂಗ್ಲಿಷ್ ಹೆಸರು. ಮಂಗಳವಾರ ಮತ್ತೆ ಹೋಗಿ ಅಣ್ಣನ್ನ ಕೇಳಿದೆ, ಬಳ್ಳಾರಿ ಅಂತ ಯಾಕೆ ಹಾಕಲ್ಲ ಅಂತ. "ಗಿರಾಕಿ ಕೇಳಿದ್ರೆ ನಾಳೇನೇ ಹಾಕಿಸ್ತೀನಿ" ಅಂದ್ರು. ಹೋದೋರು ದಯವಿಟ್ಟು ಕೇಳ್ರಿ, ಸಂಜೆ ಹೊತ್ತು ರಶ್ ಇರುತ್ತೆ, ಬೆಳಿಗ್ಗೆ ಹನ್ನೊಂದರೊಳಗೆ ಹೋದ್ರೆ ಕೂತು ಮಾತಾಡ್ತಾರೆ.