ಬೋರ್ಡ್ ಇಲ್ಲದ ಗ್ಯಾರೇಜ್, ಹಳೇ ಎಸ್ಟೀಮ್ ಮತ್ತು ಹೊಗೆ ಟೆಸ್ಟ್

ಬಳ್ಳಾರಿಯಲ್ಲಿ ಹಳೇ ಪೆಟ್ರೋಲ್ ಕಾರು ಇನ್ನೂ ಓಡಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅನಂತಪುರ ರಸ್ತೆ ಕಡೆ ಒಂದು ಸಣ್ಣ ಗ್ಯಾರೇಜ್ ಇದೆ. ತಗಡಿನ ಶೆಡ್, ಬೋರ್ಡೇ ಇಲ್ಲ, ಹಾಗಾಗಿ ಹೆಸರು ಕೇಳಬೇಡಿ. ಎಂಜಿನ್‌ಗೆ ಎಲ್ಲಿಂದ ಕಳ್ಳಗಾಳಿ ನುಗ್ಗುತ್ತಿದೆ ಅಂತ ಹುಡುಕುವುದರಲ್ಲಿ ಇವರು ಗಟ್ಟಿಗರು. ಉಳಿದ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು, ಅದನ್ನೂ ಹೇಳುತ್ತೇನೆ.

ನನ್ನದು 2004ರ ಮಾರುತಿ ಎಸ್ಟೀಮ್ ವಿಎಕ್ಸ್‌ಐ, 1.3 ಲೀಟರ್ ಎಂಪಿಎಫ್‌ಐ, ಅಂದರೆ ಇಂಜೆಕ್ಟರ್‌ನಲ್ಲಿ ಪೆಟ್ರೋಲ್ ಬಿಡುವ ಎಂಜಿನ್. ಎಂಜಿನ್ ಬಿಸಿಯಾದ ಮೇಲೆ ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗಿನ ಎಂಜಿನ್ ವೇಗ, ನಿಮಿಷಕ್ಕೆ ಸುಮಾರು 800-900 ಸುತ್ತಿಗೆ ಇಳಿಯಬೇಕು, ನನ್ನದು 1,500ರ ಆಸುಪಾಸಲ್ಲೇ ಏರಿಳಿಯುತ್ತಿತ್ತು. ರಾಯಲ್ ಸರ್ಕಲ್‌ನಲ್ಲಿ ನಿಂತರೆ ಪಕ್ಕದ ಆಟೋದವರು, ಇವನಿಗೇನು ಇಷ್ಟು ಅವಸರ ಅನ್ನೋ ಹಾಗೆ ನೋಡುತ್ತಿದ್ದರು. ಮೈಲೇಜೂ ಬಿದ್ದಿತ್ತು. ಮೊದಲು ತೋರಿಸಿದ ಕಡೆ ಪ್ಲಗ್ ಬದಲಾಯಿಸಿದರು, ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆದರು, ಐಡಲ್ ವಾಲ್ವ್ ಹೊಸದು ಹಾಕಿದರು, ಯಾವುದಕ್ಕೂ ಜಗ್ಗದಿದ್ದಾಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ ಅಂದುಬಿಟ್ಟರು. ಚೆಕ್ ಎಂಜಿನ್ ಲೈಟೇ ಹತ್ತಿಲ್ಲವಲ್ಲ ಅಂದರೆ ಅದಕ್ಕೆ ಉತ್ತರ ಇಲ್ಲ.

ಉತ್ತರ ಸಿಕ್ಕಿದ್ದು ಈ ಶೆಡ್‌ನಲ್ಲಿ. ಗಾಳಿ ಅಳೆಯುವ ಮಾಫ್ ಸೆನ್ಸರ್ ಇರುವ ಕಾರಲ್ಲಿ, ಸೆನ್ಸರ್ ದಾಟಿದ ಮೇಲೆ ನುಗ್ಗಿದ ಗಾಳಿಯ ಲೆಕ್ಕ ಇಸಿಯುಗೆ ಸಿಗಲ್ಲ, ಪೆಟ್ರೋಲ್ ಕಮ್ಮಿ ಬೀಳುತ್ತೆ, ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಅಂತ ಪಿ0171 ದೋಷದ ಕೋಡ್ ಬಂದು ಚೆಕ್ ಎಂಜಿನ್ ಲೈಟ್ ಹತ್ತುತ್ತೆ. ಯೂಟ್ಯೂಬ್‌ನಲ್ಲಿ ಎಲ್ಲರೂ ಹೇಳುವುದು ಇದನ್ನೇ. ಆದರೆ ಎಸ್ಟೀಮ್‌ನಲ್ಲಿ ಇರುವುದು ಮ್ಯಾಪ್ ಸೆನ್ಸರ್. ಅದು ನೋಡುವುದು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಒತ್ತಡವನ್ನು. ಗಾಳಿ ಫಿಲ್ಟರ್‌ನಿಂದ ಬಂತಾ, ತೂತಿನಿಂದ ಬಂತಾ ಅದಕ್ಕೆ ಬೇಕಿಲ್ಲ, ಒತ್ತಡ ಏರಿದರೆ ಇಸಿಯು ತಕ್ಕಷ್ಟು ಪೆಟ್ರೋಲನ್ನೂ ಬಿಡುತ್ತೆ. ಐಡಲ್ ಏರುತ್ತೆ, ಲೈಟ್ ಮಾತ್ರ ಸುಮ್ನೆ ಇರುತ್ತೆ. ಇಷ್ಟು ಅರ್ಥ ಆಗಿದ್ದರೆ ಮೊದಲಿನವರು ನನ್ನ ದುಡ್ಡನ್ನು ವಾಲ್ವ್‌ಗೆ ಸುರಿಸುತ್ತಿರಲಿಲ್ಲ ಅಲ್ವಾ?

ಹುಡುಕಿದ ರೀತಿ ನನಗೆ ಬಹಳ ಹಿಡಿಸಿತು. ಎಂಜಿನ್ ಓಡುತ್ತಿರುವಾಗಲೇ ಮ್ಯಾನಿಫೋಲ್ಡ್‌ಗೆ ಸೇರುವ ಒಂದೊಂದೇ ಹೋಸ್ ಅನ್ನು ಬಟ್ಟೆ ಸುತ್ತಿದ ಇಕ್ಕಳದಲ್ಲಿ ಅದುಮಿದರು. ಬ್ರೇಕ್ ಬೂಸ್ಟರ್ ಹೋಸ್ ಅದುಮಿದರೆ ಏನೂ ಬದಲಾಗಲಿಲ್ಲ. ಪಿಸಿವಿ ಹೋಸ್ (ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವ ಪೈಪ್) ಅದುಮಿದ ಕೂಡಲೇ ಐಡಲ್ ಇಳಿಯಿತು, ಆದರೆ ಅರ್ಧಕ್ಕೇ ನಿಂತಿತು. 'ಇನ್ನೊಂದು ಕಡೆನೂ ಇದೆ ಸಾರ್' ಅಂದು ಎಂಜಿನ್ ಆಫ್ ಮಾಡಿಸಿ, ಒಳಗೆ ಹೊಗೆ ತುಂಬಿ ಸೋರುವ ಜಾಗ ತೋರಿಸುವ ಹೊಗೆ ಮೆಷಿನ್ ತಂದರು. ಎಂಜಿನ್ ಓಡುವಾಗ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು, ಎಲ್ಲಿ ಹೊಡೆದರೆ ಐಡಲ್ ಬದಲಾಗುತ್ತೆ ಅಂತ ನೋಡಬಹುದಲ್ಲ ಅಂತ ಕೇಳಿದೆ. ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಬೆಂಕಿ ಹತ್ತುತ್ತೆ, ಅದೂ ಈ ಊರಿನ ಏಪ್ರಿಲ್ ಬಿಸಿಲಲ್ಲಿ ಬೇಡ ಅಂದರು. ಹೊಗೆಯನ್ನೂ 1 ಪಿಎಸ್‌ಐಗಿಂತ ಕಮ್ಮಿ ಒತ್ತಡದಲ್ಲೇ ಬಿಟ್ಟರು, ಜಾಸ್ತಿಯಾದರೆ ಚೆನ್ನಾಗಿರುವ ಸೀಲೂ ಕಿತ್ತುಹೋಗಬಹುದು. ಸ್ವಲ್ಪ ಹೊತ್ತಿಗೆ ಮ್ಯಾನಿಫೋಲ್ಡ್ ಕೆಳ ಅಂಚಿನಿಂದ ಹೊಗೆ ಎಳೆಎಳೆಯಾಗಿ ಬಂತು. ಕರೆದು, ಟಾರ್ಚ್ ಹಾಕಿ ತೋರಿಸಿ, ಆಮೇಲೇ ಪಾರ್ಟ್ಸ್ ಲಿಸ್ಟ್ ಕೊಟ್ಟರು.

ಪಿಸಿವಿ ಹೋಸ್ ಮತ್ತು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಅದು ಎಂಜಿನ್‌ಗೆ ಕೂರುವ ಜಾಗದ ಸೀಲ್) ಎರಡೂ ಹೊಸದು ಹಾಕಿದರು. ಹಳೇ ಗ್ಯಾಸ್ಕೆಟ್ ಚೂರು ಒಳಗೆ ಬೀಳದ ಹಾಗೆ ಪೋರ್ಟ್‌ಗಳಿಗೆ ಬಟ್ಟೆ ತುರುಕಿ ಕೆರೆದರು, ಪಟ್ಟಿ ಇಟ್ಟು ಮೇಲ್ಮೈ ಮಟ್ಟ ನೋಡಿದರು, ನಟ್‌ಗಳನ್ನು ಮಧ್ಯದಿಂದ ಹೊರಕ್ಕೆ ಎರಡು ಸುತ್ತಿನಲ್ಲಿ ಬಿಗಿದರು. ಸಿಲಿಕಾನ್ ಅಂಟು ಬಳಿಯಲಿಲ್ಲ, ಅದೇ ನನಗೆ ಸಮಾಧಾನ. ಮಾಮೂಲಿ ಸಿಲಿಕಾನ್ ಪೆಟ್ರೋಲ್‌ಗೆ ಉಬ್ಬಿ ಮೆತ್ತಗಾಗುತ್ತೆ, ಚೂರು ಕಿತ್ತರೆ ನೇರ ಎಂಜಿನ್ ಒಳಗೇ ಹೋಗುತ್ತೆ. ಈಗ ಐಡಲ್ 850ರ ಹತ್ತಿರ ಅಲ್ಲಾಡದೆ ನಿಲ್ಲುತ್ತೆ. ಲೇಬರ್ ಮತ್ತು ಸಾಮಾನು ಸೇರಿ ಆ ಐಡಲ್ ವಾಲ್ವ್‌ಗೆ ಕೊಟ್ಟದ್ದಕ್ಕಿಂತ ಕಮ್ಮಿಯೇ ಆಯಿತು.

ಐಡಲ್ ತಾನೇ, ಏರಿದ್ದರೆ ಇರಲಿ ಬಿಡಿ ಅನ್ನುವವರಿಗೆ ಒಂದು ಮಾತು. ಆ ತೂತಿನಿಂದ ಬರುವ ಗಾಳಿ ಫಿಲ್ಟರ್ ದಾಟಿ ಬಂದದ್ದಲ್ಲ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಓಡಿಸಿದವರಿಗೆ ಆ ಕೆಂಪು ಧೂಳು ಗೊತ್ತು. ಅದು ಸಿಲಿಂಡರ್ ಗೋಡೆ, ರಿಂಗ್‌ಗಳನ್ನು ಉಜ್ಜಿಹಾಕಿದರೆ ಗ್ಯಾಸ್ಕೆಟ್ ದುಡ್ಡಲ್ಲಿ ಮುಗಿಯುವ ಕೆಲಸ ಅಲ್ಲ ಅದು.

ಇನ್ನು ದೂರುಗಳು. ಫೋನ್ ಎತ್ತುವುದಿಲ್ಲ. ನಾಳೆ ಅಂದರೆ ನಾಳೆ ಅಲ್ಲ, ಎಸ್ಟೀಮ್ ತಯಾರಿಕೆ ನಿಂತು ಎಷ್ಟೋ ವರ್ಷ ಆಗಿರುವುದರಿಂದ ಗ್ಯಾಸ್ಕೆಟ್ ಹೊರಗಿನಿಂದ ತರಿಸಬೇಕಾಯಿತು, ಆದರೆ ತಡ ಆಗುತ್ತೆ ಅಂತ ಒಂದು ಮಾತು ಮೊದಲೇ ಹೇಳಬಹುದಿತ್ತು. ಕೂರಲು ಜಾಗ ಇಲ್ಲ, ನೆರಳೂ ಇಲ್ಲ. ಬಿಲ್ ಕೇಳಿದರೆ ಚೀಟಿಯಲ್ಲಿ ಬರೆದುಕೊಡುತ್ತಾರೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವವರು ಹಿಂದಿನ ರಾತ್ರಿಯೇ ಕಾರು ಬಿಟ್ಟು ಬನ್ನಿ, ಬೆಳಗ್ಗೆ ತಣ್ಣಗಿರುವಾಗ ನೋಡಬೇಕು ಅಂತ ಅವರೇ ಕೇಳುತ್ತಾರೆ. ಡೀಸೆಲ್ ಗಾಡಿ ಮುಟ್ಟುವುದಿಲ್ಲ.